ಹಾಳಾಗಿ ಬಂದ ರೆಸಿನ್ ಗೊಂಬೆ ಕಿಟ್: ಸರಿಪಡಿಸುವುದು, ನಿಮಗೆ ಬೇಕಾದಂತೆ ಬದಲಿಸುವುದು ಹೇಗೆ?

ರೆಸಿನ್ ಗೊಂಬೆ ಕಿಟ್, ಅಂದರೆ ನಾವೇ ಜೋಡಿಸಿ ಬಣ್ಣ ಹಚ್ಚಿಕೊಳ್ಳಬೇಕಾದ ಗಟ್ಟಿ ಪ್ಲಾಸ್ಟಿಕ್ಕಿನಂಥ ಬಿಡಿಭಾಗಗಳು, ತರಿಸಿಕೊಂಡವರು ಮತ್ತೆ ಮತ್ತೆ ಕೇಳುವುದು ಇದನ್ನೇ: ಡಬ್ಬಿ ತೆಗೆದರೆ ಮೈತುಂಬ ಸಣ್ಣ ಸಣ್ಣ ತೂತು, ಕತ್ತಿ ಸೊಟ್ಟ, ತೋಳು ಹೆಗಲಿಗೆ ಕೂರುತ್ತಿಲ್ಲ, ಮಾರಿದವರು ವಾಪಸ್ ತಗೊಳ್ಳುತ್ತಿಲ್ಲ. ಇದನ್ನು ಏನು ಮಾಡುವುದು? ತುಮಕೂರಿನ ಕಡೆಯವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸುತ್ತಾರೆ. ವಿಡಿಯೊಗಳಲ್ಲಿ ತೋರಿಸುವ ಜಪಾನಿನ ಪುಟ್ಟಿ, ಪ್ರೈಮರ್, ಉಪಕರಣ ತರಿಸಿಕೊಳ್ಳಲು ದುಡ್ಡೂ ಬೇಕು, ವಾರಗಟ್ಟಲೆ ಕಾಯಲೂ ಬೇಕು. ಊರಲ್ಲೇ ಸಿಗುವ ಸಾಮಾನಿನಲ್ಲಿ ಕೆಲಸ ಆಗುತ್ತದೆಯೇ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಹಾರ್ಡ್‌ವೇರ್ ಅಂಗಡಿ, ಕಾರ್ ಪೇಂಟ್ ಮಾರುವ ಅಂಗಡಿ, ಅಕ್ಕಸಾಲಿಗರ ಸಾಮಾನಿನ ಅಂಗಡಿ, ಮೆಡಿಕಲ್ ಸ್ಟೋರ್ ಈ ನಾಲ್ಕನ್ನು ಒಂದು ಸುತ್ತು ಹಾಕಿ ಬಂದರೆ ಬಹುಪಾಲು ಸಾಮಾನು ಕೈಗೆ ಬರುತ್ತದೆ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ರಿಪೇರಿಯೇ ಬೇರೆ, ಬದಲಾವಣೆಯೇ ಬೇರೆ ಅಂತ ಎರಡು ಕೆಲಸ ಮಾಡಿಕೊಳ್ಳಬೇಡಿ. ದೋಷ ಎಲ್ಲಿದೆಯೋ ಅಲ್ಲೇ ನಿಮ್ಮ ಬದಲಾವಣೆಯನ್ನು ಇಡಿ. ಮಣಿಕಟ್ಟಿನ ಬಿರುಕಿನ ಮೇಲೆ ಕಡಗ ಬರಲಿ, ಸೊಂಟದ ಸಂದಿನ ಮೇಲೆ ಡಾಬು ಬರಲಿ. ಹೀಗೆ ಮಾಡಿದರೆ ಅರ್ಧ ಉಜ್ಜಾಟ ಉಳಿಯುತ್ತದೆ, ಗೊಂಬೆಯೂ ನಿಮ್ಮದೇ ಆಗುತ್ತದೆ.

ನಿಮ್ಮ ಕಿಟ್ ಯಾವ ಬಗೆಯದು?

ರೆಸಿನ್ ಅಂತ ಮಾರುವ ಗೊಂಬೆಗಳಲ್ಲಿ ಎರಡು ಬಗೆ ಇವೆ. ಒಂದು ಪಾಲಿಯುರಿಥೇನ್ ರೆಸಿನ್. ಎರಡು ದ್ರವಗಳನ್ನು ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಸುರಿದು ಎರಕ ತೆಗೆದದ್ದು. ಸಾಮಾನ್ಯವಾಗಿ ಕೆನೆ ಬಣ್ಣ, ಬಿಳಿ ಅಥವಾ ಬೂದು ಬಣ್ಣದಲ್ಲಿರುತ್ತದೆ. ಜಪಾನಿನಲ್ಲಿ ಹವ್ಯಾಸಿಗಳು ಮನೆಯಲ್ಲೇ ಹೀಗೆ ಎರಕ ಹೊಯ್ದು ಮಾರತೊಡಗಿದ್ದರಿಂದ ಇದಕ್ಕೆ ಗ್ಯಾರೇಜ್ ಕಿಟ್ ಎಂಬ ಹೆಸರು ಬಂತು. ಇನ್ನೊಂದು ತ್ರೀಡಿ ಪ್ರಿಂಟರಿನಲ್ಲಿ ಬೆಳಕಿಗೆ ಗಟ್ಟಿಯಾಗಿಸಿದ ಯುವಿ ರೆಸಿನ್. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬಾಗಿದ ಭಾಗಗಳಲ್ಲಿ ಪದರ ಪದರವಾಗಿ ಸಣ್ಣ ಮೆಟ್ಟಿಲು ಕಂಡರೆ ಅದು ಪ್ರಿಂಟ್ ಮಾಡಿದ್ದು.

ಎರಡರಲ್ಲೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಅಂಟಂಟಾಗಿರುವ ಕಿಟ್‌ ಬಂದಾಗ ಮಾತ್ರ ದಾರಿ ಬೇರೆ. ಯುವಿ ರೆಸಿನ್ ಅಂಟುತ್ತಿದ್ದರೆ ಅದು ಪೂರ್ತಿ ಗಟ್ಟಿಯಾಗಿಲ್ಲ. ಕೈಗವಸು ಹಾಕಿಕೊಂಡು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಬಿಸಿಲಿಗೆ ತಿರುಗಿಸಿ ತಿರುಗಿಸಿ ಇಡಿ, ಗಟ್ಟಿಯಾಗುತ್ತದೆ. ಪಾಲಿಯುರಿಥೇನ್ ಅಂಟುತ್ತಿದ್ದರೆ ಎರಡು ದ್ರವಗಳ ಅಳತೆ ತಪ್ಪಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಎಷ್ಟು ಬಿಸಿಲಿಗಿಟ್ಟರೂ ಅದು ಸರಿಹೋಗುವುದಿಲ್ಲ. ಆ ಭಾಗವನ್ನು ಗಟ್ಟಿ ರೆಸಿನ್ ಸಿಗುವವರೆಗೂ ಕೆರೆದು ತೆಗೆದು, ಅಲ್ಲಿಗೆ ಪುಟ್ಟಿ ತುಂಬಬೇಕು.

ಬೇಕಾಗುವ ಸಾಮಾನು

ಹಾರ್ಡ್‌ವೇರ್ ಅಂಗಡಿಯಿಂದ ಫೆವಿಕ್ವಿಕ್, ಅರಲ್ಡೈಟ್, ಎಂ-ಸೀಲ್, ಮಡಚಿ ಹರಿದುಕೊಳ್ಳುವ ವಾಟರ್ ಪೇಪರ್ (ನೀರಲ್ಲಿ ಅದ್ದಿ ಉಜ್ಜುವ ಮರಳುಕಾಗದ) 320, 400, 600, 1000 ನಂಬರಿನವು ಒಂದೊಂದು ಹಾಳೆ. ಕಾರ್ ಪೇಂಟ್ ಅಂಗಡಿಯಿಂದ ಎನ್.ಸಿ. ಪುಟ್ಟಿ, ಎನ್.ಸಿ. ಥಿನ್ನರ್, ಬೂದು ಬಣ್ಣದ ಸ್ಪ್ರೇ ಪ್ರೈಮರ್. ಟಿಂಕರಿಂಗ್ ಕೆಲಸದವರು ಗಾಡಿಯ ಸಣ್ಣ ಗೀರುಗಳಿಗೆ ಬಳಿಯುವ ಪುಟ್ಟಿ ಇದೇ. ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಣ್ಣ ಅರಗಳ ಸೆಟ್, 1 ಮಿ.ಮೀ. ಮತ್ತು 2 ಮಿ.ಮೀ. ಡ್ರಿಲ್ ಬಿಟ್, ಬೆರಳಲ್ಲಿ ತಿರುಗಿಸುವ ಕೈ ಡ್ರಿಲ್, ಅದೇ ದಪ್ಪದ ಹಿತ್ತಾಳೆ ತಂತಿ ಕೇಳಿ. ಮೆಡಿಕಲ್ ಸ್ಟೋರಿನಲ್ಲಿ ಎನ್-95 ಮಾಸ್ಕ್, ಕೈಗವಸು, ಸರ್ಜಿಕಲ್ ಬ್ಲೇಡ್, ವ್ಯಾಸಲಿನ್. ಟಾಲ್ಕಂ ಪೌಡರ್ ಮನೆಯಲ್ಲೇ ಇರುತ್ತದೆ.

ಗೋಡೆಗೆ ಬಳಿಯುವ ವಾಲ್ ಪುಟ್ಟಿಯನ್ನು ಮಾತ್ರ ತರಬೇಡಿ. ಅಗ್ಗ ಅಂತ ತಂದು ತುಂಬುವವರು ಬಹಳ ಮಂದಿ. ಅದು ರೆಸಿನ್‌ಗೆ ಹಿಡಿಯುವುದೇ ಇಲ್ಲ, ಬಣ್ಣದ ಸಮೇತ ಉದುರಿ ಬೀಳುತ್ತದೆ.

1. ಎಣಿಸಿ, ಫೋಟೊ ತೆಗೆದು, ತೊಳೆಯಿರಿ

ಬ್ಲೇಡ್ ಮುಟ್ಟುವ ಮುಂಚೆ ಎಲ್ಲ ಭಾಗಗಳನ್ನೂ ಹರಡಿ, ಕಿಟ್ ಜೊತೆ ಬಂದ ಚಿತ್ರಕ್ಕೆ ತಾಳೆ ನೋಡಿ ಫೋಟೊ ತೆಗೆಯಿರಿ. ಭಾಗ ಕಡಿಮೆ ಇದ್ದರೆ ಮಾರಿದವರನ್ನು ಕೇಳಬೇಕಾದ್ದು ಈಗಲೇ. ಒಂದು ತುಂಡು ಕತ್ತರಿಸಿದ ಮೇಲೆ ಯಾರೂ ಒಪ್ಪುವುದಿಲ್ಲ.

ಎರಕ ಅಚ್ಚಿಗೆ ಅಂಟಿಕೊಳ್ಳದಿರಲೆಂದು ಅಚ್ಚಿನ ಒಳಗೆ ಜಿಡ್ಡು ಬಳಿದಿರುತ್ತಾರೆ. ಅದು ಭಾಗಗಳ ಮೇಲೆ ಉಳಿದಿದ್ದರೆ ಅಂಟು, ಪುಟ್ಟಿ, ಬಣ್ಣ ಯಾವುದೂ ಹಿಡಿಯುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಹಳೆ ಟೂತ್‌ಬ್ರಶ್‌ನಿಂದ ಸಂದಿಗೊಂದಿಯನ್ನೂ ಉಜ್ಜಿ. ಸಿಂಕಿನಲ್ಲಿ ತೊಳೆಯಬೇಡಿ, ಬೆರಳು, ಕಿವಿಯಂಥ ತುಂಡುಗಳು ಕೊಳವೆ ಸೇರುತ್ತವೆ. ಬೋಗುಣಿಯಲ್ಲಿ ತೊಳೆದು ಜರಡಿಯಲ್ಲಿ ಬಸಿಯಿರಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಕಟ್ಟುವ ಆ ಬಿಳಿ ಉಪ್ಪೇ ಗೊಂಬೆಯ ಮೇಲೂ ಒಣಗಿ ಕೂರುತ್ತದೆ, ಪ್ರೈಮರ್ ಕೆಳಗೆ ಮರಳುಮರಳಾಗಿ ಕಾಣುತ್ತದೆ. ಕೊನೆಯ ಜಾಲಾಟವನ್ನು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಿನಲ್ಲಿ ಮಾಡಿ. ಹತ್ತಿ ಬಟ್ಟೆಯ ಮೇಲೆ ರಾತ್ರಿಯಿಡೀ ಒಣಗಲಿ. ಪೇಪರ್ ಹಾಸಬೇಡಿ, ಶಾಯಿ ಅಂಟುತ್ತದೆ.

2. ಅಂಟಿಲ್ಲದೆ ಜೋಡಿಸಿ ನೋಡಿ

ಇದನ್ನು ಡ್ರೈ ಫಿಟ್ ಅನ್ನುತ್ತಾರೆ. ರಬ್ಬರ್ ಬ್ಯಾಂಡ್, ಮಾಸ್ಕಿಂಗ್ ಟೇಪ್, ಮಕ್ಕಳ ಕ್ಲೇ ಬಳಸಿ ಇಡೀ ಗೊಂಬೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಇಡೀ ಕೆಲಸದಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಈ ಹಂತಕ್ಕೆ. ಆತುರದವರು ಇದನ್ನು ಬಿಟ್ಟು ನೇರ ಉಜ್ಜಲು ಕೂರುತ್ತಾರೆ. ಒಳಗೆ ಮುಚ್ಚಿಹೋಗುವ, ಯಾರೂ ನೋಡದ ಜಾಗವನ್ನು ಗಂಟೆಗಟ್ಟಲೆ ನುಣುಪು ಮಾಡಿ, ಕಣ್ಣೆದುರಿನ ಕೆನ್ನೆಯ ಹೊತ್ತಿಗೆ ತಾಳ್ಮೆ ಕಳೆದುಕೊಂಡಿರುತ್ತಾರೆ.

ನಿಂತ ಗೊಂಬೆಯ ಸುತ್ತ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡುತ್ತಾ ಪೆನ್ಸಿಲ್‌ನಿಂದ ಗುರುತು ಹಾಕಿ. ಸಣ್ಣ ತೂತುಗಳಿಗೆ ಚುಕ್ಕೆ. ಅಚ್ಚಿನ ಎರಡು ಹೋಳು ಸೇರುವಲ್ಲಿ ಮೂಡಿದ ಗೆರೆಗೆ, ಅಂದರೆ ಸೀಮ್ ಲೈನಿಗೆ, ಉದ್ದ ಗೀಟು. ಹೋಳುಗಳು ಜರುಗಿ ಒಂದು ಬದಿ ಎತ್ತರ ಒಂದು ಬದಿ ತಗ್ಗು ಆಗಿದ್ದರೆ ಎತ್ತರದ ಕಡೆ ಅಡ್ಡಗೆರೆ. ಭಾಗಗಳ ನಡುವಿನ ಸಂದಿಗೆ ಬಾಣ. ತಿಳಿ ಬಣ್ಣದ ರೆಸಿನ್ ಆಗಿದ್ದರೆ ತೆಳು ಭಾಗಗಳನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಚರ್ಮದ ಕೆಳಗೇ ಅಡಗಿದ ಗುಳ್ಳೆಗಳು ಬೇರೆ ಛಾಯೆಯಲ್ಲಿ ಕಾಣುತ್ತವೆ. ಅವನ್ನು ಈಗಲೇ ಸೂಜಿಯಿಂದ ಚುಚ್ಚಿ ತೆರೆಯಿರಿ. ಬಿಟ್ಟರೆ ಕೊನೆಯ ಸಲ ಉಜ್ಜುವಾಗ ಒಡೆದುಕೊಳ್ಳುತ್ತವೆ.

ಈಗ ಗುರುತುಗಳನ್ನು ಮೂರು ಪಾಲು ಮಾಡಿ. ಮುಖ, ಕತ್ತು, ಬರಿ ಚರ್ಮದ ಭಾಗದ ದೋಷಗಳನ್ನು ನಿಜವಾಗಿ ಸರಿಪಡಿಸಲೇಬೇಕು. ಬೆನ್ನ ಕೆಳಗೆ, ಪೀಠಕ್ಕೆ ಒರಗುವ ಕಡೆ ಇರುವವನ್ನು ಬಿಟ್ಟುಬಿಡಬಹುದು. ಮಿಕ್ಕವು ಮುಚ್ಚಬಹುದಾದ ದೋಷಗಳು, ನಿಮ್ಮ ಬದಲಾವಣೆ ಹುಟ್ಟಬೇಕಾದ್ದು ಇಲ್ಲಿಂದ.

ಏನು ಸೇರಿಸುವುದು ಅಂತ ತೋಚದಿದ್ದರೆ ತುಮಕೂರಿನ ಹತ್ತಿರ, ಗೂಳೂರು ದಾರಿಯಲ್ಲಿರುವ ಕೈದಾಳದ ಚೆನ್ನಕೇಶವ ದೇವಸ್ಥಾನಕ್ಕೆ ಹೋಗಿ ಬನ್ನಿ. ಹೊಯ್ಸಳರ ಕಾಲದ, 12ನೇ ಶತಮಾನದ ಆ ಚೆನ್ನಕೇಶವನ ಮುಂದೆ ನಿಂತು ಆಭರಣ ಎಲ್ಲೆಲ್ಲಿ ಇದೆ ಅಂತ ಮಾತ್ರ ಗಮನಿಸಿ. ಕತ್ತಿನ ಬುಡದಲ್ಲಿ ಹಾರ, ತೋಳಿಗೆ ತೋಳಬಂದಿ, ಮಣಿಕಟ್ಟಿಗೆ ಕಡಗ, ಸೊಂಟಕ್ಕೆ ಪಟ್ಟಿ, ಕಾಲಿಗೆ ಕಡಗ. ರೆಸಿನ್ ಕಿಟ್ ಮಾಡುವವರು ಗೊಂಬೆಯನ್ನು ತುಂಡು ಮಾಡುವುದೂ ಹೆಚ್ಚಾಗಿ ಇದೇ ಜಾಗಗಳಲ್ಲಿ: ಕತ್ತು, ತೋಳು, ಮಣಿಕಟ್ಟು, ಸೊಂಟ, ಪಾದದ ಮೇಲ್ಭಾಗ. ಹೊರದೇಶದ ಯಾವುದೋ ಯೋಧನ ಕಿಟ್ಟನ್ನು ನಮ್ಮ ಕಡೆಯ ಪಾಳೆಯಗಾರನ ಕಾವಲಿನವನನ್ನಾಗಿ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಯಾವ ಸಂದಿಗೆ ಯಾವ ಆಭರಣ ಅಂತ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

3. ಕತ್ತರಿಸಿ, ಸೊಟ್ಟ ತೆಗೆಯಿರಿ

ರೆಸಿನ್ ಸುರಿದ ಬಾಯಿಯಲ್ಲಿ ಗಟ್ಟಿಯಾಗಿ ಉಳಿದ ತುಂಡಿಗೆ ಗೇಟ್ ಅನ್ನುತ್ತಾರೆ. ಅದನ್ನು ಬುಡಕ್ಕೇ ಕಟ್ಟಿಂಗ್ ಪ್ಲೇಯರ್ ಹಾಕಿ ಕಡಿಯಬೇಡಿ, ಗೊಂಬೆಯ ಮೈಯಿಂದಲೇ ಒಂದು ಚೂರು ಕಿತ್ತು ಬರುತ್ತದೆ. 2-3 ಮಿ.ಮೀ. ಬಿಟ್ಟು ಸಣ್ಣ ಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಅರದಿಂದ ತಗ್ಗಿಸಿ. ಕತ್ತರಿಸಿದ ತುಂಡುಗಳನ್ನು ಡಬ್ಬಿಗೆ ಹಾಕಿಡಿ. ಅಂಟು, ಪುಟ್ಟಿ, ಬಣ್ಣ ಎಲ್ಲವನ್ನೂ ಮೊದಲು ಅವುಗಳ ಮೇಲೆ ಪರೀಕ್ಷೆ ಮಾಡಬಹುದು. ಅಂಚಿನಲ್ಲಿ ಅಂಟಿರುವ ತೆಳು ಪೊರೆಗೆ ಫ್ಲ್ಯಾಶ್ ಅಂತ ಹೆಸರು. ಅದು ಬ್ಲೇಡಿಗೆ ಸುಲಭವಾಗಿ ಬರುತ್ತದೆ.

ಸೊಟ್ಟಗಾದ ಕತ್ತಿ, ಬಿಲ್ಲು, ಕೂದಲಿನ ಎಳೆಗಳಿಗೆ ಬಿಸಿನೀರು ಸಾಕು. ನೀರು ಕುದ್ದ ಮೇಲೆ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ಭಾಗವನ್ನು ಇಕ್ಕಳದಲ್ಲಿ ಹಿಡಿದು ಮುಳುಗಿಸಿ. 70ರಿಂದ 80 ಡಿಗ್ರಿ ಶಾಖಕ್ಕೆ ಪಾಲಿಯುರಿಥೇನ್ ಮೆತ್ತಗಾಗುತ್ತದೆ. ಅರ್ಧ ನಿಮಿಷದಲ್ಲಿ ಬಾಗುವ ಹದಕ್ಕೆ ಬಂದರೆ ಹೊರತೆಗೆದು ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ಬಗ್ಗದಿದ್ದರೆ ಬಲ ಹಾಕಬೇಡಿ, ಮತ್ತೆ ಮುಳುಗಿಸಿ. ಒಲೆಯ ಮೇಲೆ ಕುದಿಯುತ್ತಿರುವ ಪಾತ್ರೆಯಲ್ಲಿ ಹಾಕಬೇಡಿ, ತಳ ಮುಟ್ಟಿದ ಕಡೆ ಆಕಾರವೇ ಹೋಗುತ್ತದೆ. ಈ ಪಾತ್ರೆ ಮತ್ತೆ ಅಡುಗೆಗೆ ಬರುವುದೂ ಬೇಡ. ಪ್ರಿಂಟ್ ಮಾಡಿದ ಯುವಿ ರೆಸಿನ್ ಹೆಚ್ಚು ಬಿರುಸು, ಅದಕ್ಕೆ ಇನ್ನೂ ಮೆಲ್ಲಗೆ.

ತುಂಬಾ ತೆಳುವಾದ, ಉದ್ದನೆಯ ಕತ್ತಿಯನ್ನು ನೇರ ಮಾಡುವುದಕ್ಕಿಂತ ಹೊಸದು ಮಾಡುವುದೇ ವಾಸಿ. ರೆಸಿನ್ ಕತ್ತಿ ಬೇಸಿಗೆಗೆ ಮತ್ತೆ ಬಾಗುತ್ತದೆ. ಹಿಡಿಯನ್ನು ಉಳಿಸಿಕೊಂಡು, ಅಲಗಿಗೆ ಹಿತ್ತಾಳೆ ಪಟ್ಟಿಯನ್ನು ಅರದಿಂದ ಹದಗೊಳಿಸಿ ಕೂಡಿಸಿ.

4. ಒಳಗೆ ತಂತಿ ಕೊಡಿ

ಅಂಟನ್ನು ಮಾತ್ರ ನಂಬಿದ ರೆಸಿನ್ ಗೊಂಬೆ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ. ರೆಸಿನ್ ಭಾರ, ಫೆವಿಕ್ವಿಕ್ ಬಿರುಸು, ಪಕ್ಕದಿಂದ ಪೆಟ್ಟು ಬಿದ್ದರೆ ಪಟ್ಟಂತ ಬಿಡುತ್ತದೆ. ಆದ್ದರಿಂದ ಎರಡೂ ಭಾಗಗಳಲ್ಲಿ ರಂಧ್ರ ಕೊರೆದು ನಡುವೆ ಲೋಹದ ಕಡ್ಡಿ ಕೂಡಿಸಬೇಕು. ಇದಕ್ಕೆ ಪಿನ್ನಿಂಗ್ ಅನ್ನುತ್ತಾರೆ.

ಮಣಿಕಟ್ಟು, ಕುತ್ತಿಗೆಗೆ 1 ಮಿ.ಮೀ. ಹಿತ್ತಾಳೆ ತಂತಿ. ತೊಡೆ, ಸೊಂಟ, ಪಾದಕ್ಕೆ 2 ಮಿ.ಮೀ. ಸೈಕಲ್ ಚಕ್ರದ ಕಡ್ಡಿ ಹೆಚ್ಚಾಗಿ 2 ಮಿ.ಮೀ. ದಪ್ಪವೇ ಇರುತ್ತದೆ, ಉಕ್ಕಿನದು, ಸೈಕಲ್ ಶಾಪಿನಲ್ಲಿ ಹಳೆಯದು ಕೇಳಿದರೂ ಕೊಡುತ್ತಾರೆ. ಪಾದದಿಂದ ಪೀಠಕ್ಕೆ ಅದಕ್ಕಿಂತ ಒಳ್ಳೆಯ ಕಡ್ಡಿ ಇಲ್ಲ.

ಎರಡು ರಂಧ್ರ ಎದುರುಬದುರು ಬರುವುದೇ ಕಷ್ಟದ ಭಾಗ. ಒಂದು ಬದಿ ಮೊದಲು ಕೊರೆಯಿರಿ. ಆ ರಂಧ್ರದ ಬಾಯಿಗೆ ಹಸಿ ಬಣ್ಣದ ಒಂದು ಚುಕ್ಕೆ ಇಟ್ಟು ಇನ್ನೊಂದು ಭಾಗವನ್ನು ಸರಿಯಾದ ಜಾಗಕ್ಕೆ ಒತ್ತಿ. ಚುಕ್ಕೆ ಅಂಟಿದ ಕಡೆಯೇ ಎರಡನೆಯ ರಂಧ್ರ. ದೊಡ್ಡ ಕೂಡುಗಳಲ್ಲಿ ಎರಡೂ ಕಡೆ 8-10 ಮಿ.ಮೀ. ಆಳ ಇರಲಿ. ಸ್ವಲ್ಪ ಓರೆ ಬಂದರೆ ಹೆದರಬೇಡಿ, ಎರಡನೆಯ ರಂಧ್ರವನ್ನು ಅಗಲ ಮಾಡಿ ಅರಲ್ಡೈಟ್ ತುಂಬಿದರೆ ಅದೇ ಸಂದನ್ನು ಹಿಡಿದುಕೊಳ್ಳುತ್ತದೆ. ಅರಲ್ಡೈಟಿನ ಎರಡು ಟ್ಯೂಬನ್ನೂ ಸಮಸಮ ತೆಗೆದುಕೊಂಡು ಚೆನ್ನಾಗಿ ಕಲಸಿ, ಟೇಪ್ ಕಟ್ಟಿ ರಾತ್ರಿಯಿಡೀ ಬಿಡಿ.

ಬಣ್ಣ ಹಚ್ಚಲು ಬೇರೆಯಾಗಿಯೇ ಇರಬೇಕಾದ ಭಾಗಗಳನ್ನು, ಉದಾಹರಣೆಗೆ ತಲೆ, ಈಗಲೇ ಅಂಟಿಸಬೇಡಿ. ತಂತಿ ಮಾತ್ರ ಕೂರಿಸಿಟ್ಟುಕೊಳ್ಳಿ.

5. ತೂತು, ಸಂದು ತುಂಬುವುದು

ಇಲ್ಲಿ ಒಂದೇ ಸಾಮಾನಿನಲ್ಲಿ ಎಲ್ಲವನ್ನೂ ಮುಚ್ಚಲು ಹೋಗುವುದು ದೊಡ್ಡ ತಪ್ಪು. ದೋಷದ ಗಾತ್ರ ನೋಡಿ ಸಾಮಾನು ಆರಿಸಿ.

ಸೂಜಿಮೊನೆಯಷ್ಟಿರುವ ತೂತುಗಳೇ ಎಲ್ಲರನ್ನೂ ಕಾಡುವುದು. ಮೇಲೆ ಪುಟ್ಟಿ ಸವರಿದರೆ ಒಳಗಿನ ಗಾಳಿ ಹಾಗೇ ಉಳಿದು, ಉಜ್ಜಿದ ಕೂಡಲೇ ತೂತು ಮತ್ತೆ ಬಾಯಿ ತೆರೆಯುತ್ತದೆ. ಮೊದಲು 1 ಮಿ.ಮೀ. ಬಿಟ್‌ನಿಂದ ತೂತನ್ನು ದೊಡ್ಡದು ಮಾಡಿ. ದೋಷ ತೆಗೆಯಲು ಬಂದವರು ದೋಷವನ್ನೇ ಹೆಚ್ಚಿಸಿದಂತೆ ಅನ್ನಿಸಬಹುದು, ಆದರೆ ಗೋಡೆ ನೇರವಾದ ರಂಧ್ರದಲ್ಲಿ ಮಾತ್ರ ತುಂಬಿದ್ದು ತಳದವರೆಗೂ ಇಳಿಯುತ್ತದೆ. ಹಲ್ಲುಕಡ್ಡಿಯ ಮೊನೆಯಲ್ಲಿ ಒಂದು ಹನಿ ಫೆವಿಕ್ವಿಕ್ ಬಿಟ್ಟು, ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಒತ್ತಿ. ಗಟ್ಟಿಯಾದ ಮೇಲೆ ಅದೇ ದಿನ ಉಜ್ಜಿಬಿಡಿ. ನಾಳೆಗೆ ಬಿಟ್ಟರೆ ಅದು ಸುತ್ತಲಿನ ರೆಸಿನ್‌ಗಿಂತ ಗಟ್ಟಿಯಾಗುತ್ತದೆ. ಪೌಡರ್ ಬದಲು ಅಡುಗೆ ಸೋಡಾ ಹಾಕುವ ಉಪಾಯವನ್ನು ಬಹಳ ಮಂದಿ ಕಲಿತಿದ್ದಾರೆ. ಅದು ಕ್ಷಣದಲ್ಲಿ ಕಲ್ಲಾಗುತ್ತದೆ ನಿಜ, ಆದರೆ ಉಜ್ಜಲು ಹೋದರೆ ಸುತ್ತಲಿನ ರೆಸಿನ್ ಸವೆದು ಸೋಡಾದ ಗುಬ್ಬಿ ಎದ್ದು ನಿಲ್ಲುತ್ತದೆ. ಕಾಣದ ಒಳಕೂಡುಗಳಿಗೆ ಸರಿ, ಕೆನ್ನೆಗೆ ಬೇಡ.

ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ಫೆವಿಕ್ವಿಕ್ ತಡವಾಗಿ ಹಿಡಿಯುತ್ತದೆ. ಅದಕ್ಕೆ ಗಾಳಿಯ ತೇವ ಬೇಕು. ಅಂಟಿಸುವ ಮೇಲ್ಮೈಗೆ ಒಮ್ಮೆ ಬಾಯಿಂದ ಹಬೆ ಊದಿ ಒತ್ತಿದರೆ ಸಾಕು.

ಗುಂಪುಗುಂಪಾಗಿ ನೂರಾರು ಸಣ್ಣ ತೂತಿರುವ ಕಡೆ ಒಂದೊಂದನ್ನೇ ಕೊರೆಯಲಾಗದು. ಅಲ್ಲಿ ಎನ್.ಸಿ. ಪುಟ್ಟಿಗೆ ಥಿನ್ನರ್ ಬೆರೆಸಿ, ಕುಂಚದಲ್ಲಿ ಎತ್ತಿದರೆ ನಿಧಾನವಾಗಿ ಇಳಿಯುವಷ್ಟು ತೆಳು ಮಾಡಿ, ತೂತುಗಳ ಒಳಕ್ಕೆ ಕುಟ್ಟುತ್ತಾ ಬಳಿಯಿರಿ. ಈ ಪುಟ್ಟಿ ಒಣಗುವಾಗ ಕುಗ್ಗುತ್ತದೆ. ಒಂದೇ ಸಲ ದಪ್ಪ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ಬಣ್ಣ ಹಚ್ಚಿದ ಎಷ್ಟೋ ದಿನಕ್ಕೆ ಕುಳಿ ಬೀಳುತ್ತದೆ. ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ.

ಅಗಲವಾದ ಸಂದು, ಮುರಿದ ಮೂಲೆ, ಅಚ್ಚು ಜರುಗಿದ ಮೆಟ್ಟಿಲಿಗೆ ಎಂ-ಸೀಲ್. ಎರಡು ಉಂಡೆಯನ್ನೂ ಸಮ ಪ್ರಮಾಣದಲ್ಲಿ ತೆಗೆದುಕೊಂಡು ಒಂದೇ ಬಣ್ಣ ಆಗುವವರೆಗೂ ನಾದಿ. ಗೆರೆಗೆರೆಯಾಗಿ ಉಳಿದರೆ ಅಲ್ಲಿ ಗಟ್ಟಿಯಾಗುವುದಿಲ್ಲ. ಬರಿಗೈಯಲ್ಲಿ ನಾದಬೇಡಿ, ಅದರಲ್ಲಿರುವ ಇಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ದಿನಗಳೆದಂತೆ ಅಲರ್ಜಿ ಹೆಚ್ಚುತ್ತದೆ. ಮೆಟ್ಟಿಲಿನ ವಿಷಯದಲ್ಲಿ ಎತ್ತರದ ಬದಿಯನ್ನು ಸ್ವಲ್ಪ ತಗ್ಗಿಸಿ, ತಗ್ಗಿನ ಬದಿಯನ್ನು ಸ್ವಲ್ಪ ಏರಿಸಿ. ಒಂದೇ ಬದಿಯಲ್ಲಿ ಎಲ್ಲ ಸರಿಮಾಡಲು ಹೋದರೆ ತೋಳು ಸಣಕಲಾಗುತ್ತದೆ.

ಬಿಚ್ಚಿ ತೆಗೆಯಬೇಕಾದ ಭಾಗಗಳ ನಡುವಿನ ಸಂದಿಗೆ ವ್ಯಾಸಲಿನ್ ಉಪಾಯ ಮಾಡಿ. ತಲೆಯ ಬದಿಗೆ ತೆಳುವಾಗಿ ವ್ಯಾಸಲಿನ್ ಸವರಿ, ಕತ್ತಿನ ಬದಿಗೆ ಎಂ-ಸೀಲ್ ಇಟ್ಟು, ಎರಡನ್ನೂ ಒತ್ತಿ. ಹೊರಬಂದದ್ದನ್ನು ಒರೆಸಿ. ಗಟ್ಟಿಯಾದ ಮೇಲೆ ತಲೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಸಂದು ಕೂದಲೆಳೆಯಷ್ಟೂ ಉಳಿದಿರುವುದಿಲ್ಲ. ಆಮೇಲೆ ವ್ಯಾಸಲಿನ್‌ನ ಜಿಡ್ಡನ್ನು ಸೋಪಿನಿಂದ ಪೂರ್ತಿ ತೊಳೆಯುವುದು ಮರೆಯಬೇಡಿ.

6. ಉಜ್ಜುವುದು

ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್-95 ಮಾಸ್ಕ್ ಇಲ್ಲದೆ ಒಣ ಉಜ್ಜಾಟ ಬೇಡವೇ ಬೇಡ. ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಅದ್ದಿ ಉಜ್ಜಿದರೆ ಧೂಳು ಏಳುವುದಿಲ್ಲ. ಮಕ್ಕಳು ಆಡುವ, ಊಟ ಮಾಡುವ ಜಾಗದಲ್ಲಿ ಕೂರಬೇಡಿ. ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಿ ಬಟ್ಟೆಯನ್ನು ಕಸಕ್ಕೆ ಹಾಕಿ.

320ರಿಂದ ಶುರುಮಾಡಿ 400, 600ಕ್ಕೆ ಬನ್ನಿ. ಮುಖಕ್ಕೆ ಮಾತ್ರ 1000. ಇಡೀ ಗೊಂಬೆಯನ್ನು 1000ದಲ್ಲಿ ಉಜ್ಜುವುದು ದಂಡ, ಪ್ರೈಮರ್‌ಗೆ ಹಿಡಿತವೂ ಕಡಿಮೆಯಾಗುತ್ತದೆ. ಮೂಗು, ತುಟಿ, ಬೆರಳ ಸಂದಿಯ ಸೀಮ್ ಲೈನಿಗೆ ಪೇಪರ್ ಬಳಸಬೇಡಿ. ಬ್ಲೇಡಿನ ಬೆನ್ನನ್ನು ಇಟ್ಟು ಮೆಲ್ಲಗೆ ಕೆರೆಯಿರಿ, ಗೆರೆ ಮಾತ್ರ ಹೋಗಿ ಆಕಾರ ಉಳಿಯುತ್ತದೆ.

7. ನಿಮ್ಮ ಬದಲಾವಣೆ

ಹಂತ 2ರಲ್ಲಿ ಬರೆದಿಟ್ಟ ಹಾಳೆಯನ್ನು ಈಗ ತೆಗೆಯಿರಿ.

ಕಡಗಕ್ಕೆ ಎಂ-ಸೀಲನ್ನು ಗಾಜಿನ ಮೇಲೆ ಉರುಳಿಸಿ 1 ಮಿ.ಮೀ. ದಪ್ಪದ ಎಳೆ ಮಾಡಿ. ಅಂಟದಿರಲು ಪೌಡರ್ ಉದುರಿಸಿ. ಮಣಿಕಟ್ಟಿನ ಕೂಡಿನ ಮೇಲೇ ಸುತ್ತಿ, ತುದಿಗಳನ್ನು ಒಳಬದಿಯಲ್ಲಿ ಸೇರಿಸಿ. ಒಂದು ಸಣ್ಣ ಸ್ಕ್ರೂ ತೆಗೆದುಕೊಂಡು ಅದರ ತಿರುಪಿನ ಸುತ್ತುಗಳನ್ನು ಎಳೆಯ ಮೇಲೆ ಉರುಳಿಸಿದರೆ ಒಂದೇ ಸಮನಾದ ಕೆತ್ತನೆ ಮೂಡುತ್ತದೆ, ಕೈಯಲ್ಲಿ ಗೀರಿದರೆ ಅಷ್ಟು ಚೊಕ್ಕವಾಗಿ ಬರುವುದಿಲ್ಲ. ಸರಕ್ಕೆ ವಿದ್ಯುತ್ ವೈರಿನ ಸಿಪ್ಪೆ ಸುಲಿದು ಎರಡು ತಾಮ್ರದ ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿ. 20 ಸೆಂ.ಮೀ. ಎತ್ತರದ ಗೊಂಬೆಗೆ ಅದು ನಿಜವಾದ ಹುರಿ ಸರದಂತೆಯೇ ಕೂರುತ್ತದೆ.

ಬಟ್ಟೆಗೆ ಸ್ವಲ್ಪ ತಾಳ್ಮೆ ಬೇಕು. ನಂದಿನಿ ಹಾಲಿನ ಕವರನ್ನು ತೊಳೆದು ಬಿಡಿಸಿ, ಎರಡು ಹಾಳೆಗಳ ನಡುವೆ ಪೌಡರ್ ಹಾಕಿದ ಎಂ-ಸೀಲ್ ಇಟ್ಟು ಚಪಾತಿ ಒತ್ತುವ ಹಾಗೆ ತೆಳ್ಳಗೆ ಲಟ್ಟಿಸಿ. ಕೂಡಲೇ ಹೊದಿಸಲು ಹೋದರೆ ಹರಿಯುತ್ತದೆ. ಎಳೆದರೆ ಸ್ವಲ್ಪ ಬಿಗಿ ಅನ್ನಿಸುವವರೆಗೂ ಕಾಯಿರಿ. ಬಳಿಕ ಕತ್ತರಿಸಿ, ಮೊದಲು ಹೆಗಲು ಅಥವಾ ಸೊಂಟದಲ್ಲಿ ಕಚ್ಚಿಸಿ, ಮಿಕ್ಕದ್ದನ್ನು ಇಳಿಬಿಡಿ. ನೆರಿಗೆಗಳು ಬಟ್ಟೆ ಬಿಗಿಯಾದ ಜಾಗದಿಂದ ಹೊರಟು ಹರಡುತ್ತವೆ. ಎಲ್ಲ ನೆರಿಗೆಯನ್ನೂ ಸಮಾನಾಂತರ ಗೀಟು ಹಾಕಿದರೆ ಹೆಂಚಿನ ಸೂರು ಕಾಣುತ್ತದೆ, ಬಟ್ಟೆ ಕಾಣುವುದಿಲ್ಲ. ಅದಕ್ಕೇ ಕನ್ನಡಿಯ ಮುಂದೆ ಒಂದು ಪಂಚೆಯನ್ನು ಅದೇ ರೀತಿ ಉಟ್ಟು ನೋಡಿ. ಬೆರಳನ್ನು ನೀರಿಗೆ ಮುಟ್ಟಿಸಿ ನಯ ಮಾಡಿ, ನೀರು ಹೆಚ್ಚಾದರೆ ಮೇಲ್ಮೈ ಲೋಳೆಯಾಗುತ್ತದೆ.

ಕೈ ಮುರಿದಿದ್ದರೆ ಅಥವಾ ಹಿಡಿತ ಬದಲಿಸಬೇಕಿದ್ದರೆ ಐದು ತಾಮ್ರದ ಎಳೆಗಳನ್ನು ಮಣಿಕಟ್ಟಿನ ರಂಧ್ರಕ್ಕೆ ಅಂಟಿಸಿ, ಬೆರಳಿನಂತೆ ಬಾಗಿಸಿ, ಮೇಲೆ ಎಂ-ಸೀಲ್ ಹೊದಿಸಿ. ಅಳತೆಗೆ ಶಿಲ್ಪಿಗಳ ತಾಲದ ಲೆಕ್ಕ ಸಾಕು: ಮುಖದ ಉದ್ದ ಎಷ್ಟೋ ಮಣಿಕಟ್ಟಿನಿಂದ ನಡುಬೆರಳ ತುದಿಗೆ ಅಷ್ಟೇ. ಹೊಸದಾಗಿ ಕೈ ಮಾಡುವವರು ಅದನ್ನು ಯಾವಾಗಲೂ ಚಿಕ್ಕದು ಮಾಡುತ್ತಾರೆ.

ಒಂದು ಓಲೆ ಇದ್ದು ಇನ್ನೊಂದು ಕಳೆದಿದ್ದರೆ, ಇರುವುದನ್ನು ವ್ಯಾಸಲಿನ್ ಸವರಿದ ಮಕ್ಕಳ ಕ್ಲೇಗೆ ಒತ್ತಿ, ಆ ಗುಳಿಗೆ ಎಂ-ಸೀಲ್ ತುಂಬಿ. ಹಿಂಬದಿ ಚಪ್ಪಟೆಯಾಗುತ್ತದೆ, ಕಿವಿಗೆ ಅಂಟುವ ಬದಿ ಅದೇ ಆದ್ದರಿಂದ ಚಿಂತೆಯಿಲ್ಲ.

ಎಲ್ಲವೂ ಒಂದು ದಿನ ಪೂರ್ತಿ ಗಟ್ಟಿಯಾಗಲಿ.

8. ಪ್ರೈಮರ್

ಪ್ರೈಮರ್ ಅಂದರೆ ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ. ರೆಸಿನ್ ಏನನ್ನೂ ಹೀರುವುದಿಲ್ಲವಾದ್ದರಿಂದ ಇದಿಲ್ಲದೆ ಅಕ್ರಿಲಿಕ್ ಬಣ್ಣ ಉಗುರಿಗೇ ಎದ್ದುಬರುತ್ತದೆ. ಇದರ ಇನ್ನೊಂದು ಕೆಲಸ ದೋಷ ತೋರಿಸಿಕೊಡುವುದು. ರೆಸಿನ್, ಬೂದು ಎಂ-ಸೀಲ್, ಪುಟ್ಟಿ ಬಣ್ಣ ಬಣ್ಣವಾಗಿದ್ದಾಗ ಕಣ್ಣಿಗೆ ಉಬ್ಬುತಗ್ಗು ಹಿಡಿಯುವುದಿಲ್ಲ. ಎಲ್ಲವೂ ಒಂದೇ ಬೂದಾದಾಗ ಬಿಟ್ಟುಹೋದ ತೂತುಗಳೆಲ್ಲ ಒಟ್ಟಿಗೆ ಎದ್ದು ಕಾಣುತ್ತವೆ. ಶಿಲ್ಪಿ ಜಕಣಾಚಾರಿಯ ಮಗ ಡಂಕಣನ ಐತಿಹ್ಯದಲ್ಲಿ ವಿಗ್ರಹಕ್ಕೆಲ್ಲ ಗಂಧ ಬಳಿದು, ಒಣಗದೆ ಉಳಿದ ಹೊಕ್ಕುಳಲ್ಲಿ ದೋಷ ಹಿಡಿಯುತ್ತಾರಲ್ಲ, ಮೊದಲ ಪ್ರೈಮರ್ ಪದರವನ್ನು ಅದೇ ಪರೀಕ್ಷೆ ಅಂತ ತಿಳಿಯಿರಿ. ದೋಷ ಕಂಡರೆ ಪುಟ್ಟಿ, 600ರ ಪೇಪರ್, ಮತ್ತೆ ಪ್ರೈಮರ್. ಎರಡು ಮೂರು ಸುತ್ತು ಇದು ನಡೆಯುವುದೇ ಸಹಜ.

ಡಬ್ಬಿಯನ್ನು ಚೆನ್ನಾಗಿ ಕುಲುಕಿ, 20-25 ಸೆಂ.ಮೀ. ದೂರದಿಂದ, ಗೊಂಬೆಯ ಒಂದು ಪಕ್ಕದ ಆಚೆ ಶುರುಮಾಡಿ ಇನ್ನೊಂದು ಪಕ್ಕದ ಆಚೆಗೆ ಮುಗಿಸುವಂತೆ ಬೀಸಿ. ಒಂದೇ ಸಲ ಪೂರ್ತಿ ಮುಚ್ಚಬೇಡಿ, ನೆರಿಗೆಗಳೆಲ್ಲ ತುಂಬಿಹೋಗುತ್ತವೆ. ಮಳೆ ಬರುವ ದಿನ ಬೇಡ, ತೇವದಲ್ಲಿ ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ಆಷಾಢದ ಗಾಳಿಯಲ್ಲಿ ಮಹಡಿ ಮೇಲೂ ಬೇಡ, ಧೂಳೆಲ್ಲ ಹಸಿ ಪ್ರೈಮರ್‌ಗೆ ಕೂರುತ್ತದೆ. ದೊಡ್ಡ ರಟ್ಟಿನ ಡಬ್ಬಿಯ ಒಂದು ಬದಿ ಕತ್ತರಿಸಿ ಅದರೊಳಗೆ ಹೊಡೆಯಿರಿ, ಮಾಸ್ಕ್ ಹಾಕಿಕೊಂಡು, ಬಾಗಿಲು ತೆರೆದಿಟ್ಟು. ಒಂದು ದಿನ ಒಣಗಲಿ.

9. ಬಣ್ಣ ಮತ್ತು ಪೀಠ

ಬಣ್ಣದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು, ಇಲ್ಲಿ ರಿಪೇರಿಗೆ ಸಂಬಂಧಿಸಿದಷ್ಟು ಮಾತ್ರ. ಸ್ಟೇಷನರಿ ಅಂಗಡಿಯ ಆರ್ಟಿಸ್ಟ್ ಅಕ್ರಿಲಿಕ್ ಸಾಕು, ನೀರು ಬೆರೆಸಿ ತೆಳು ಮಾಡಿ ಹಲವು ಪದರ ಹಚ್ಚಿ. ಬಟ್ಟೆಗೆ ಹಚ್ಚುವ ಬಣ್ಣ ಬೇಡ, ಅದು ರಬ್ಬರಿನಂತೆ ಕೂತು, ತಪ್ಪಾದರೆ ಉಜ್ಜಲೂ ಆಗುವುದಿಲ್ಲ. ಸರಿಪಡಿಸಿದ ಚರ್ಮದ ಭಾಗಕ್ಕೆ ಹೊಳಪಿನ ವಾರ್ನಿಶ್ ಹಾಕಬೇಡಿ, ಉಳಿದ ಸಣ್ಣಪುಟ್ಟ ಏರುಪೇರನ್ನೂ ಅದು ಎತ್ತಿ ತೋರಿಸುತ್ತದೆ. ಮ್ಯಾಟ್ ವಾರ್ನಿಶ್ ಅವನ್ನು ಮರೆಸುತ್ತದೆ. ಹೊಳಪು ಆಭರಣಕ್ಕೆ, ಕಣ್ಣಿಗೆ ಮಾತ್ರ ಇರಲಿ.

ಪೀಠಕ್ಕೆ ಮರದ ತುಂಡಿನ ಮೇಲೆ ಎಂ-ಸೀಲ್‌ನಲ್ಲಿ ಬಂಡೆಯ ಆಕಾರ ಕಟ್ಟಿ, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿದ ಎಂ-ಸ್ಯಾಂಡನ್ನು ಫೆವಿಕಾಲ್ ಮೇಲೆ ಉದುರಿಸಿ. ಬಣ್ಣಕ್ಕೆ ಮಧುಗಿರಿ ಬೆಟ್ಟವನ್ನು ನೋಡಿ: ಬೂದು ಬಂಡೆಯ ಮೇಲೆ ಮಳೆನೀರು ಇಳಿದ ದಾರಿಯಲ್ಲೆಲ್ಲ ಕಪ್ಪು ಪಟ್ಟೆಗಳು, ಮೇಲಿಂದ ಕೆಳಕ್ಕೆ ಉದ್ದುದ್ದ. ಕಪ್ಪನ್ನು ನೀರಾಗಿ ಮಾಡಿ ಪೀಠವನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಇಳಿಬಿಟ್ಟರೆ ಅದೇ ಪಟ್ಟೆ ತಾನಾಗಿ ಬರುತ್ತದೆ. ತೋಟದ ಕೆಮ್ಮಣ್ಣು ಬಳಸುವುದಾದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿದು ತೇವ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಗೊಂಬೆಯನ್ನು ಕಿಟಕಿಯ ಬಿಸಿಲಿಗೆ, ಶೀಟ್ ಮನೆಯ ಮೇಲಿನ ಅಟ್ಟಕ್ಕೆ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಇಡಬೇಡಿ. ಒಂದೇ ಕಾಲಮೇಲೆ ನಿಂತ ಗೊಂಬೆ ಬೇಸಿಗೆಯ ಕಾವಿಗೆ ನಿಧಾನವಾಗಿ ವಾಲುತ್ತದೆ. ವಾಲಿದ್ದು ಕಂಡರೆ ಅಂಟು ಬಿಡಿಸುವ ಅಗತ್ಯವಿಲ್ಲ. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಕಾಲಿನ ಆ ಭಾಗಕ್ಕೆ ಮಾತ್ರ, ಬಣ್ಣ ಗುಳ್ಳೆ ಏಳದಷ್ಟು ದೂರದಿಂದ ಬಿಟ್ಟು ಮೆತ್ತಗಾದ ಮೇಲೆ ನೇರ ಮಾಡಿ, ತಣಿಯುವವರೆಗೂ ಹಿಡಿದುಕೊಳ್ಳಿ. ಧೂಳನ್ನು ಮೇಕಪ್ ಬ್ರಶ್‌ನಿಂದ ಕೊಡವಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.